ಬೆರಳು ನೋವಿಗೆ ಇಸಿಜಿ ಯಾಕೆ?

ಪ್ರಶ್ನೆ: ನನಗೆ 47 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುನೋವಿನ ಕಾಯಿಲೆ ಇದೆ. ಬೆಳಗ್ಗೆ ಎದ್ದು ಒಂದು ಗಂಟೆ ಬೆರಳು ಮಡಚಲು ಆಗುವುದಿಲ್ಲ, ಹಾಲಿನ ಪ್ಯಾಕೆಟ್ ಕತ್ತರಿಸಲೂ ಮಗಳನ್ನೇ ಕರೆಯಬೇಕು. ವಾರಕ್ಕೊಮ್ಮೆ ನುಂಗಲು ಮೆಥೋಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ನೋವು ಕಡಿಮೆ ಇದ್ದಾಗ ಅದನ್ನು ಬಿಟ್ಟುಬಿಡುತ್ತೇನೆ, ಜಾಸ್ತಿಯಾದರೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸುತ್ತೇನೆ. ಈ ಸಲ ಡಾಕ್ಟರು ಮೂಳೆಯ ಸ್ಕ್ಯಾನ್, ಕೊಲೆಸ್ಟ್ರಾಲ್, ಇಸಿಜಿ ಎಲ್ಲ ಮಾಡಿಸಿ ಅಂದಿದ್ದಾರೆ. ಬೆರಳು ನೋವಿಗೆ ಎದೆ ಯಾಕೆ ನೋಡಬೇಕು? ಸುಮ್ನೆ ಖರ್ಚಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಸುಮ್ನೆ ಅಲ್ಲ, ದಯವಿಟ್ಟು ಮಾಡಿಸಿ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದಲ್ವಾ, ಅದೇ ಉರಿಯೂತ. ಮುಳ್ಳು ತೆಗೆದರೆ ಇಳಿಯುತ್ತದೆ. ನಿಮ್ಮ ಕಾಯಿಲೆಯಲ್ಲಿ ತೆಗೆಯಲು ಮುಳ್ಳೇ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಅಲ್ಲಿ ಹುಟ್ಟುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತವೆ.

ನಮ್ಮ ಮೂಳೆ ದಿನಾ ಸ್ವಲ್ಪ ಸವೆದು ಸ್ವಲ್ಪ ಕಟ್ಟಿಕೊಳ್ಳುತ್ತಿರುತ್ತದೆ. ಈ ರಾಸಾಯನಿಕಗಳು ಸವೆಸುವ ಕೋಶಗಳಿಗೆ ಬಲ ಕೊಡುತ್ತವೆ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ನಿಮಗೆ ಮುಟ್ಟು ನಿಲ್ಲುವ ವಯಸ್ಸೂ ಹತ್ತಿರ. ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಇನ್ನೂ ಬೇಗ ಸವೆಯುತ್ತದೆ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ. ಹಾಗಂತ ಸ್ಟೀರಾಯ್ಡನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ.

ಹೃದಯದ ಕಥೆಯೂ ಇದೇ ರಕ್ತದ್ದು. ಅದರಲ್ಲಿ ಸುತ್ತುವ ಆ ರಾಸಾಯನಿಕಗಳಿಂದ ರಕ್ತನಾಳದ ಒಳಗೋಡೆ ಕೆರಳಿ ಅಲ್ಲಿ ಕೊಬ್ಬು ಕೂರುತ್ತದೆ, ಅದರ ಮೇಲಿನ ಪೊರೆ ತೆಳುವಾಗಿ ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ. ನಿಮ್ಮ ಕಾಯಿಲೆ ಇರುವವರಲ್ಲಿ ಈ ಅಪಾಯ ಬೇರೆಯವರಿಗಿಂತ ಸುಮಾರು ಒಂದೂವರೆ ಪಟ್ಟು. ಉರಿಯೂತ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಕಡಿಮೆ ತೋರಿಸುವುದೂ ಉಂಟು, ಆ ರಿಪೋರ್ಟ್ ಒಂದನ್ನೇ ನೋಡಿ ನೆಮ್ಮದಿಯಾಗಿ ಕೂರಬೇಡಿ. 2017ರಲ್ಲಿ ಕ್ಯಾಂಟೋಸ್ ಎಂಬ ಅಧ್ಯಯನ ಬಂತು. ಒಮ್ಮೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ ಕೊಲೆಸ್ಟ್ರಾಲ್ ಮುಟ್ಟದೆ ಬರೀ ಉರಿಯೂತ ಇಳಿಸುವ ಮದ್ದನ್ನು ಪರೀಕ್ಷಿಸಿದರು, ಒಂದು ಪ್ರಮಾಣದಲ್ಲಿ ಕೊಟ್ಟಾಗ ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಶೇಕಡಾ 15ರಷ್ಟು ಕಡಿಮೆಯಾದವು. ಸೋಂಕಿನ ಭಯ ಇರುವುದರಿಂದ ಆ ಮದ್ದನ್ನು ಎಲ್ಲರಿಗೂ ಕೊಡುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಗಾಬರಿಯಾದದ್ದು ಮಾತ್ರೆಯ ವಿಷಯ. ನೋವಿನ ಮಾತ್ರೆ ನೋವನ್ನು ಅಡಗಿಸುತ್ತದೆ ಅಷ್ಟೇ, ಒಳಗೆ ಸವೆತ ನಡೆದೇ ಇರುತ್ತದೆ. ಡೈಕ್ಲೋಫಿನಾಕ್‌ನಂಥವು ಹೃದಯಕ್ಕೂ ಒಳ್ಳೆಯದಲ್ಲ. ಕಾಯಿಲೆಯನ್ನು ಹಿಡಿದು ನಿಲ್ಲಿಸುವುದು ನೀವು ಬಿಡುತ್ತಿರುವ ಆ ವಾರದ ಮಾತ್ರೆ! ಎಷ್ಟು ವಾರ ಬಿಟ್ಟಿದ್ದೀರಿ ಅಂತ ಡಾಕ್ಟರಿಗೆ ನಾಚಿಕೆಯಿಲ್ಲದೆ ಹೇಳಿ, ಅವರು ಹೇಳಿದಂತೆ ಮತ್ತೆ ಶುರು ಮಾಡಿ. ವಾರಕ್ಕೆ ಒಂದೇ ದಿನ, ಆ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಾ ನುಂಗಿದರೆ ಜೀವಕ್ಕೇ ಕುತ್ತು.

ಇನ್ನೊಂದು ಮಾತು. ಎದೆ ಬಿಗಿತದ ಜೊತೆ ಎಡತೋಳು, ದವಡೆ ನೋವು, ಬೆವರು ಬಂದರೆ ಇದೂ ಕೀಲುನೋವೇ ಇರಬೇಕು ಅಂತ ಮಲಗಬೇಡಿ, 108ಕ್ಕೆ ಫೋನ್ ಮಾಡಿ.