ದತ್ತು ಪಡೆದು ವಿದೇಶಕ್ಕೆ ಹೊರಡಬಹುದೇ?

ದಾವಣಗೆರೆಯಲ್ಲಿದ್ದೇವೆ, ಮುಂದಿನ ವರ್ಷ ಜರ್ಮನಿಗೆ ಹೊರಡಬೇಕು, ಅಷ್ಟರೊಳಗೆ ಮಗುವನ್ನು ದತ್ತು ಪಡೆಯಬಹುದೇ ಎಂದು ಕೇಳಿದ್ದೀರಿ. ಕಾನೂನು ಬೇಡವೆನ್ನುವುದಿಲ್ಲ, ಆದರೆ ಒಂದು ವರ್ಷ ಸಾಲುವುದು ಕಷ್ಟ. ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದ (CARA) ಜಾಲತಾಣದಲ್ಲಿ ನೋಂದಾಯಿಸಿದ ಮೇಲೆ ಪುಟ್ಟ ಮಗುವಿಗಾಗಿ ವರ್ಷಗಟ್ಟಲೆ ಕಾಯುವವರೇ ಹೆಚ್ಚು. ಮನೆಗೆ ಬರುವ ಸಮಾಜ ಕಾರ್ಯಕರ್ತರು ಸಂಬಳದ ಚೀಟಿಯಿಂದ ಹಿಡಿದು ಅಜ್ಜ-ಅಜ್ಜಿಯರ ಮನಸ್ಸಿನವರೆಗೆ ವಿಚಾರಿಸುತ್ತಾರೆ. ಜರ್ಮನಿಯ ವಿಷಯವನ್ನು ಅವರಿಂದ ಮುಚ್ಚಿಡಬೇಡಿ. 2022ರಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ ಹೊರಡಿಸುತ್ತಾರೆ. ಅದು ಕೈಸೇರಿದ ಮೇಲೆಯೇ ಹೊಸ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ಆನಂತರವೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮದ ವರದಿ ಹೋಗಬೇಕು. ಊರು ಬಿಡುವ ಮುನ್ನವೇ ಕಾರಾಗೆ ತಿಳಿಸಿ. ತಮ್ಮನ ಮಗುವನ್ನೇ ಛಾಪಾ ಕಾಗದದಲ್ಲಿ ಬರೆಸಿಕೊಂಡು ಕರೆದೊಯ್ಯಿರಿ ಎಂದು ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಬರೀ ನೋಟರಿ ಸಹಿಯ ಕಾಗದ ವೀಸಾ ಕಚೇರಿಯಲ್ಲಿ ನಡೆಯುವುದಿಲ್ಲ.