ಹುಡುಗ ಮರುದಿನವೇ ಮನೆಗೆ ಬಂದನಲ್ಲ, ಮೇಡಂ?

ಪ್ರಶ್ನೆ: ನಾನು ಎಸ್ಟೇಟ್ ಒಂದರಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್. ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸು ಕದ್ದು ಸಿಕ್ಕಿಬಿದ್ದ 17ರ ಹುಡುಗ ಮರುದಿನವೇ ಕೂಲಿಗಳ ಲೈನ್ ಮನೆಗೆ ವಾಪಸ್ ಬಂದ. ಅಮೆರಿಕದಲ್ಲೂ ಹುಡುಗರ ಜೈಲು ಮುಚ್ಚುತ್ತಿದ್ದಾರಂತೆ. ಹೀಗೆ ಬಿಟ್ಟರೆ ಭಯ ಎಲ್ಲಿರುತ್ತದೆ ಮೇಡಂ?
— ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ವರ್ಷವಿಡೀ ಕಾದ ಬೆಳೆ ಕಣದಿಂದಲೇ ಹೋದರೆ ಸಿಟ್ಟು ಬರುವುದು ನ್ಯಾಯ. ಆದರೆ ಆ ಹುಡುಗನನ್ನು ಯಾರೋ ಕನಿಕರದಿಂದ ಬಿಟ್ಟದ್ದಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮೂರು ವರ್ಷದೊಳಗಿನ ಶಿಕ್ಷೆಯ ಕಳ್ಳತನ ಸಣ್ಣ ಅಪರಾಧ. ದೊಡ್ಡವರು ಜೊತೆಗಿಲ್ಲದಿದ್ದರೆ ಎಫ್‌ಐಆರ್ ಕೂಡ ಹಾಕುವುದಿಲ್ಲ; ಠಾಣೆಯ ಡೈರಿಯಲ್ಲಿ ಬರೆದು ಬಾಲನ್ಯಾಯ ಮಂಡಳಿಗೆ ತಿಳಿಸುತ್ತಾರೆ. ಲಾಕಪ್ ನಿಷಿದ್ಧ. ಜಾಮೀನು ಕೊಡುವುದೇ ನಿಯಮ, ಕೊಡದಿದ್ದರೆ ಮಂಡಳಿ ಕಾರಣ ಬರೆಯಬೇಕು. (ಅಂದಹಾಗೆ, ಆ ಮೆಣಸನ್ನು ಕೊಳ್ಳಲು ಕಾದಿದ್ದವನನ್ನು ಯಾರಾದರೂ ಹುಡುಕಿದರೇ?)

ಅಮೆರಿಕದ ಮಾತು ನಿಜ. 2000ದಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಬಂಧನದಲ್ಲಿದ್ದರು. 2022ರ ಹೊತ್ತಿಗೆ ಮೂವತ್ತು ಸಾವಿರದೊಳಗೆ ಇಳಿದರು. 1996ರ ಸುಮಾರಿಗೆ ಹತ್ತು ಸಾವಿರ ಹುಡುಗರನ್ನು ಇಟ್ಟಿದ್ದ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ತನ್ನ ಕೊನೆಯ ಬಾಲಬಂಧನ ಕೇಂದ್ರಗಳನ್ನೇ ಮುಚ್ಚಿತು. ಅದೇ ಅವಧಿಯಲ್ಲಿ ಅಲ್ಲಿ ಪೊಲೀಸರು ಹುಡುಗರನ್ನು ಅರೆಸ್ಟ್ ಮಾಡಿದ ಪ್ರಕರಣಗಳೂ ಇಳಿದವು, ಏರಲಿಲ್ಲ. ನಮ್ಮಲ್ಲಿ 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ ಕಾನೂನು ಇನ್ನೊಂದು ಕಡೆಗೂ ವಾಲಿತು: ಘೋರ ಅಪರಾಧವಾದರೆ 16 ದಾಟಿದವರನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದು.

ಹಾಸನದಲ್ಲಿ ಇಂಥ ಮಕ್ಕಳ ಪರ ವಕಾಲತ್ತು ಹಾಕುವ ನನ್ನನ್ನು ಕಾಡುವುದು ಬಿಡುಗಡೆಯಾದವರಲ್ಲ, ವಿಚಾರಣೆ ಮುಗಿಯುವ ತನಕ ಇಂಥ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲೇ ಉಳಿದುಬಿಡುವವರು. ತಾಯಿಯೊಬ್ಬಳು ಒಂದು ದಿನದ ಹಾಜರಿ ಬಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಮಗನ ಟಿ.ಸಿ. ಹಿಡಿದು ಬೆಳಗಿನ ಬಸ್ಸಿಗೆ ಬಂದಿದ್ದಳು. ಸಂಜೆ ಮಗ ಅವಳ ಜೊತೆ ಹೊರಟ. ಅಸ್ಸಾಮಿನಿಂದ ಕಾಫಿ ಕುಯ್ಲಿಗೆ ಬಂದ ಇನ್ನೊಬ್ಬ ಹುಡುಗನಿಗೆ ವಯಸ್ಸಿನ ದಾಖಲೆಯಿಲ್ಲ, ಮೂಳೆ ಪರೀಕ್ಷೆಯಾಗಬೇಕು. ಕೆಲಸಕ್ಕೆ ಕರೆತಂದ ಮೇಸ್ತ್ರಿ ಫೋನ್ ಎತ್ತಲಿಲ್ಲ. ಅವನದೂ ಅಂಥದೇ ಸಣ್ಣ ತಪ್ಪು, ಆದರೂ ಒಳಗೇ ಉಳಿದ. ಜಾಮೀನಿನ ಷರತ್ತು ಏಳು ದಿನದೊಳಗೆ ಪೂರೈಸಲಾಗದಿದ್ದರೆ ಹುಡುಗನನ್ನು ಮತ್ತೆ ಮಂಡಳಿಯೆದುರು ತಂದು ಷರತ್ತು ಬದಲಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಕೇಳುವವರಿಲ್ಲದ ಮಗುವಿಗೆ ಅದನ್ನು ನೆನಪಿಸುವವರು ಬೇಕು. ಕಾನೂನು ತಿದ್ದಿದಾಗ ಒಳಗಿನ ಸಂಖ್ಯೆ ಇಳಿಯುತ್ತದೆ ನಿಜ, ಆದರೆ ಮೊದಲು ಹೊರಬರುವವರು ಮನೆಯವರಿರುವ ಮಕ್ಕಳು.

ನಿಮ್ಮ ಪ್ರಕರಣ ಮುಗಿದಿಲ್ಲ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಬುದ್ಧಿವಾದ, ಸಮುದಾಯ ಸೇವೆ, ಪೋಷಕರಿಗೆ ದಂಡ, ಎಲ್ಲಕ್ಕೂ ಅವಕಾಶವಿದೆ. ಹುಡುಗನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಲೈನ್ ಮನೆಗೆ ಬಂದಾಗ ನಷ್ಟವೆಷ್ಟೆಂದು ಹೇಳಿ. ಹುಡುಗ ಶಾಲೆ ಯಾವಾಗ ಬಿಟ್ಟ, ಮನೆಯಲ್ಲಿ ಯಾರು ದುಡಿಯುತ್ತಾರೆ ಎನ್ನುವುದನ್ನೂ ಹೇಳಿ. ನಿಮ್ಮ ಹಾಜರಿ ಪುಸ್ತಕದಲ್ಲಿ, ಆ ಚೆಕ್‌ರೋಲ್‌ನಲ್ಲಿ, ಅದು ಅರ್ಧ ಬರೆದೇ ಇದೆ.