ಎರಡು ಧಾರಣೆಯ ಶೇಂಗಾ ಬೆರೆಸಿ ಮಾರಿದರೆ ಲಾಭ ಲೆಕ್ಕ ಹಾಕುವುದು ಹೇಗೆ?

ನೀವು ಕೆಜಿಗೆ 130 ರೂಪಾಯಿಯ ದಪ್ಪ ಶೇಂಗಾ 30 ಕೆಜಿ, 90 ರೂಪಾಯಿಯ ಸಣ್ಣ ಕಾಳು 10 ಕೆಜಿ ಬೆರೆಸಿದ್ದೀರಿ. ಸರಾಸರಿ 110 ಅಂತ ಹಿಡಿದು 115ಕ್ಕೆ ಮಾರಿದ್ದೀರಿ. ಲಾಭ ಬರಬೇಕಿತ್ತು, ಗಲ್ಲಾದಲ್ಲಿ ದುಡ್ಡು ಯಾಕೆ ಕಡಿಮೆ ಅಂತ ಕೇಳಿದ್ದೀರಿ.

ಎರಡೂ ಧಾರಣೆ ಕೂಡಿಸಿ ಎರಡರಿಂದ ಭಾಗಿಸಿದ್ದೇ ಎಡವಟ್ಟು. ತೂಕ ಸಮ ಇದ್ದರೆ ಮಾತ್ರ ಆ ಲೆಕ್ಕ ನಡೆಯುತ್ತದೆ. ನಿಮ್ಮದರಲ್ಲಿ ದುಬಾರಿ ಕಾಳು ಮೂರು ಪಾಲು, ಅಗ್ಗದ್ದು ಒಂದೇ ಪಾಲು. ಧಾರಣೆ ಬಿಡಿ, ಕೈಯಿಂದ ಹೋದ ದುಡ್ಡು ನೋಡಿ. 30 ಕೆಜಿಗೆ 3900, 10 ಕೆಜಿಗೆ 900, ಒಟ್ಟು 4800. 40 ಕೆಜಿಗೆ ಹಂಚಿದರೆ ಅಸಲು 120. ಅಂದರೆ ಕೆಜಿಗೆ 5 ರೂಪಾಯಿ ಹೋಯಿತು. ಒಟ್ಟು 200 ರೂಪಾಯಿ ನಷ್ಟ, ಅಸಲಿನ ಮೇಲೆ ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ.

ನಾನು ದಾವಣಗೆರೆಯಲ್ಲಿ ಖಾರ ಮಂಡಕ್ಕಿ ಅಂಗಡಿಗಳಿಗೆ ಹುರಿದ ಶೇಂಗಾ ಹಾಕುತ್ತೇನೆ. ಕಾಳು ಚಳ್ಳಕೆರೆ ಕಡೆಯಿಂದ ಬರುತ್ತದೆ. ಹುರಿದು ಮಾರುವವರಿಗೆ ಲೆಕ್ಕ ತಪ್ಪುವುದು ಬಾಣಲೆಯಲ್ಲಿ. ತೇವ ಆರುತ್ತದೆ. ಕೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಕೆಂಪು ಸಿಪ್ಪೆ ಹಾರಿಹೋಗುತ್ತದೆ. ಸೀದ ಕಾಳು ಆರಿಸಿ ತೆಗೆಯಬೇಕು. ನಿಮ್ಮ 40 ಕೆಜಿ ಹುರಿದ ಮೇಲೆ 37.5 ಕೆಜಿ ಉಳಿಯಿತು ಅಂದ್ಕೊಳ್ಳಿ. ಗ್ಯಾಸು, ಉಪ್ಪು, ಆಟೋ ಬಾಡಿಗೆ ಸೇರಿ 150 ಖರ್ಚು. ಈಗ 4950ನ್ನು 37.5ರಿಂದ ಭಾಗಿಸಿ. ಅಸಲು 132 ಆಯಿತು ನೋಡಿ! ತಂದ ತೂಕದಿಂದಲ್ಲ, ಮಾರುವ ತೂಕದಿಂದ ಭಾಗಿಸಬೇಕು. ಅಸಲಿನ ಮೇಲೆ ಶೇಕಡಾ 10 ಲಾಭ ಬೇಕಂದ್ರೆ 145 ರೂಪಾಯಿ 20 ಪೈಸೆ ಬರಬೇಕು.

ಹಸಿ ಕಾಳಿಗೆ ಗಿರಾಕಿ 115ರ ಮೇಲೆ ಕೊಡುವುದೇ ಇಲ್ಲ ಅನ್ನುವುದಾದರೆ ಪಾಲು ಬದಲಿಸಿ. 130ರಿಂದ 115 ಕಳೆದರೆ 15. 115ರಿಂದ 90 ಕಳೆದರೆ 25. ಇವನ್ನು ಅದಲುಬದಲು ಮಾಡಿ: ದಪ್ಪ ಕಾಳು 25 ಕೆಜಿ, ಸಣ್ಣದು 15 ಕೆಜಿ. 3250ಕ್ಕೆ 1350 ಕೂಡಿಸಿದರೆ 4600, ಅಸಲು ಸರಿಯಾಗಿ 115. ಸಣ್ಣ ಕಾಳು ಇದಕ್ಕಿಂತ ಹೆಚ್ಚು ಹಾಕಿದಾಗಲೇ ಲಾಭ ಶುರು. ಆದರೆ ಗಿರಾಕಿಗೆ ಬೆರೆಸಿದ್ದು ಅಂತ ಹೇಳಿಯೇ ಮಾರಿ. ಬೂಸ್ಟು ಹಿಡಿದ ಕಾಳು ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಲಿವರ್ ಹಾಳು ಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಮಕ್ಕಳು ತಿನ್ನುವ ಪದಾರ್ಥ ಅಲ್ವಾ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಎರಡು ಚೀಲ, ಎರಡನ್ನೂ 960ಕ್ಕೇ ಮಾರಿದ್ದೀರಿ. ಒಂದರಲ್ಲಿ ಶೇಕಡಾ 20 ಲಾಭ, ಇನ್ನೊಂದರಲ್ಲಿ ಶೇಕಡಾ 20 ನಷ್ಟ. ಸರಿಗೆ ಸರಿ ಆಗಲಿಲ್ಲ. ಲಾಭದ ಚೀಲದ ಅಸಲು 800, ನಷ್ಟದ ಚೀಲದ್ದು 1200. ಹಾಕಿದ್ದು 2000, ಬಂದಿದ್ದು 1920. ನಷ್ಟ 80 ರೂಪಾಯಿ, ಅಂದರೆ ಶೇಕಡಾ 4.